ಜೀವಕೋಶದ ಗಡಿಯಾರವೂ ಆಕಾರ ನಿಲ್ಲದ ಪ್ರೋಟೀನುಗಳೂ

೧

ವಡಪಳನಿ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮುರುಗನ ದೇವಾಲಯದಿಂದ ಭಕ್ತರಿಗೂ, ಚಿತ್ರಶಾಲೆಗಳಿಂದ ಕಲಾವಿದರಿಗೂ ಈ ಬಡಾವಣೆ ಬಹುಕಾಲದಿಂದ ಪರಿಚಿತವಾಗಿದೆ. ವಾಹಿನಿ, ಎ.ವಿ.ಎಂ. ಮೊದಲಾದ ಸ್ಟುಡಿಯೋಗಳು ೧೯೪೦ರ ದಶಕದ ಕೊನೆಗೆ ಈ ಭಾಗದಲ್ಲಿ ನೆಲೆಗೊಂಡವು. ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ ‘ಬೇಡರ ಕಣ್ಣಪ್ಪ’ ೧೯೫೪ರಲ್ಲಿ ತೆರೆಗೆ ಬಂದಿತು. ಆ ಬಳಿಕ ಎರಡು ದಶಕಗಳ ಕಾಲ ಕನ್ನಡ ಚಿತ್ರಗಳ ಬಹುಭಾಗ ಅಂದಿನ ಮದರಾಸಿನಲ್ಲಿಯೇ ಸಿದ್ಧವಾಗುತ್ತಿದ್ದಿತು. ಅಲ್ಲಿ ದುಡಿದವರ ಪಾಲಿಗೆ ಹಗಲಿರುಳುಗಳನ್ನು ಗೊತ್ತುಮಾಡುತ್ತಿದ್ದುದು ಸೂರ್ಯನಲ್ಲ, ಕಾಲ್‌ಶೀಟು. ಪ್ರಬಲವಾದ ದೀಪಗಳ ಕೆಳಗೆ ನಡುರಾತ್ರಿಯೇ ನಡುಹಗಲಾಗಿ, ಬೆಳಗಿನ ಜಾವಕ್ಕೆ ಕೆಲಸ ಮುಗಿಯುತ್ತಿದ್ದಿತು. ಇಂದು ವಾಹಿನಿಯ ನೆಲದಲ್ಲಿ ಆಸ್ಪತ್ರೆಯೂ ಮಾಲ್ ಎಂಬ ದೊಡ್ಡ ಅಂಗಡಿಸಾಲೂ ನಿಂತಿವೆ. ರಾತ್ರಿಯ ದುಡಿಮೆ ಮಾತ್ರ ನಿಂತಿಲ್ಲ. ದೀಪ ಹಿಡಿಯುವವರ ಕೈಯಿಂದ ಅದು ದಾದಿಯರ, ಕಾವಲುಗಾರರ, ವಾಹನ ನಡೆಸುವವರ ಕೈಗೆ ಬಂದಿದೆ.

ದೀಪವು ಕಣ್ಣಿಗೆ ಹಗಲನ್ನು ತೋರಿಸಬಲ್ಲದು. ಆದರೆ ದೇಹವು ಆ ಹಗಲನ್ನು ಕೂಡಲೆ ಒಪ್ಪಿಕೊಳ್ಳುವುದಿಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗ್ಗೆ ಮಲಗಿದವನಿಗೆ ಆಯಾಸವಿದ್ದರೂ ನಿದ್ರೆ ಸರಿಯಾಗಿ ಹತ್ತುವುದಿಲ್ಲ, ಹಸಿವು ಅಕಾಲದಲ್ಲಿ ತಲೆದೋರುತ್ತದೆ, ಜೀರ್ಣಶಕ್ತಿ ಕೆಡುತ್ತದೆ. ದೇಹದ ಒಳಗೆ ಬೇರೊಂದು ಲೆಕ್ಕ ನಡೆಯುತ್ತಿರುವುದೇ ಇದಕ್ಕೆ ಕಾರಣ. ಆ ಲೆಕ್ಕವನ್ನು ಇಡುವವರಾರು, ಅದು ಇಪ್ಪತ್ತನಾಲ್ಕು ಗಂಟೆಗಳ ಅಳತೆಯನ್ನು ಎಲ್ಲಿಂದ ಪಡೆಯಿತು ಎಂಬುದೇ ಪ್ರಕೃತ ಲೇಖನದ ವಿಷಯ.

೨

ಸಂಜೆಯಾಗುತ್ತಲೇ ಹುಣಿಸೆಯ ಎಲೆಗಳು ಜೋಡಿಜೋಡಿಯಾಗಿ ಮಡಿಚಿಕೊಳ್ಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಕಂಡಿದ್ದಾರೆ. ಅಲೆಕ್ಸಾಂಡರನ ಕಾಲದಲ್ಲಿ ಆಂಡ್ರೊಸ್ತೆನೀಸ್ ಎಂಬ ಗ್ರೀಕನು ಪರ್ಷಿಯದ ಕೊಲ್ಲಿಯ ದ್ವೀಪವೊಂದರಲ್ಲಿ ಇಂಥ ಮರವೊಂದನ್ನು ನೋಡಿ ಬರೆದಿಟ್ಟನು. ಅದು ಹುಣಿಸೆಯೇ ಎಂದು ವಿದ್ವಾಂಸರು ಊಹಿಸಿದ್ದಾರೆ. ಬೆಳಕಿನ ಅಭಾವವೇ ಎಲೆ ಮಡಿಚಲು ಕಾರಣವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ೧೭೨೯ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿಯು ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ಪರೀಕ್ಷಿಸಿದನು. ಸೂರ್ಯನನ್ನು ಕಾಣದೆಯೂ ಆ ಗಿಡ ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ಇರುಳಿನ ಹೊತ್ತಿಗೆ ಮುಚ್ಚುತ್ತಲೇ ಇದ್ದಿತು. ಗಡಿಯಾರವು ಹೊರಗಿನ ಆಕಾಶದಲ್ಲಿಲ್ಲ, ಗಿಡದ ಒಳಗೇ ಇದೆ ಎಂಬ ವಿಚಾರಕ್ಕೆ ಇಲ್ಲಿ ಬುನಾದಿ ಬಿದ್ದಿತು. ಸೂರ್ಯನು ಆ ಗಡಿಯಾರವನ್ನು ಪ್ರತಿದಿನವೂ ತಿದ್ದುತ್ತಾನೆ, ನಡೆಸುವುದಿಲ್ಲ.

ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ನೆಲೆ ಒದಗಿಸಿದವರಲ್ಲಿ ಎಂ. ಕೆ. ಚಂದ್ರಶೇಖರನ್ ಅವರು ಮೊದಲಿಗರು. ಮದರಾಸಿನ ಕಡಲ ಮರಳಿನಲ್ಲಿ ಹುದುಗಿರುವ ಎಮೆರಿಟ ಎಂಬ ಸಣ್ಣ ಏಡಿಯನ್ನು ಅವರು ಆರಿಸಿಕೊಂಡರು. ಅಲೆಗಳಿಲ್ಲದ ತೊಟ್ಟಿಯಲ್ಲಿದ್ದರೂ ಅದರ ಚಲನೆಯೂ ಉಸಿರಾಟವೂ ಉಬ್ಬರವಿಳಿತಗಳ ಲಯವನ್ನು ಅನುಸರಿಸುತ್ತಿದ್ದುದನ್ನು ೧೯೬೫ರಲ್ಲಿ ಪ್ರಕಟಿಸಿದರು. ಮುಂದೆ ಮಧುರೆಯಲ್ಲಿ ಗುಹೆಯ ಬಾವಲಿಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿ, ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ಅವರೂ ವಿ. ಶೀಬಾ, ವಿ. ಕೆ. ಶರ್ಮ, ಅಮಿತಾಭ್ ಜೋಶಿ ಇವರೂ ೧೯೯೯ರಲ್ಲಿ ಪ್ರಕಟಿಸಿದ ಶೋಧವೊಂದು ಸ್ಮರಣಾರ್ಹವಾಗಿದೆ. ಹಣ್ಣಿನ ನೊಣಗಳನ್ನು ಹಗಲಿರುಳುಗಳ ಭೇದವೇ ಇಲ್ಲದ ಸತತವಾದ ಬೆಳಕಿನಲ್ಲಿ ಆರುನೂರು ತಲೆಮಾರುಗಳವರೆಗೆ ಸಾಕಲಾಗಿದ್ದಿತು. ಇರುಳೆಂಬುದನ್ನೇ ಕಾಣದ ಈ ವಂಶದ ನೊಣಗಳನ್ನು ಕತ್ತಲಿಗೆ ತಂದಾಗ, ಗೂಡಿನಿಂದ ಹೊರಬೀಳುವ ಕಾರ್ಯದಲ್ಲಿ ದಿನದ ಲಯವು ಹಾಗೆಯೇ ಉಳಿದಿದ್ದುದು ಕಂಡುಬಂದಿತು. ಗಡಿಯಾರವು ಕಲಿತು ಬಂದ ಅಭ್ಯಾಸವಲ್ಲ, ಹುಟ್ಟಿನಿಂದಲೇ ಬಂದ ಸೊತ್ತು ಎಂಬುದಕ್ಕೆ ಇದಕ್ಕಿಂತ ದೃಢವಾದ ಸಾಕ್ಷ್ಯ ಬೇಕಾಗಿಲ್ಲ.

೩

ಹುಟ್ಟಿನಿಂದ ಬಂದುದಾದರೆ ಅದಕ್ಕೊಂದು ಜೀನು ಇರಬೇಕು. ೧೯೭೧ರಲ್ಲಿ ಅಮೆರಿಕೆಯ ಕೊನೋಪ್ಕ ಮತ್ತು ಬೆಂಜರ್ ಎಂಬವರು ಹಣ್ಣಿನ ನೊಣದಲ್ಲಿ ಮೂರು ವಿಕೃತ ತಳಿಗಳನ್ನು ಕಂಡುಹಿಡಿದರು. ಒಂದರ ದಿನ ಹತ್ತೊಂಬತ್ತು ಗಂಟೆ. ಇನ್ನೊಂದರ ದಿನ ಇಪ್ಪತ್ತೆಂಟು ಗಂಟೆ. ಮೂರನೆಯದಕ್ಕೆ ಲಯವೇ ಇಲ್ಲ. ಈ ಮೂರು ದೋಷಗಳೂ ಒಂದೇ ಜೀನಿನಲ್ಲಿದ್ದವು. ಅದಕ್ಕೆ ‘ಪೀರಿಯಡ್’ ಎಂದು ಹೆಸರಾಯಿತು. ಆ ಜೀನನ್ನು ಬೇರ್ಪಡಿಸಿ ಅದರ ಕಾರ್ಯವನ್ನು ವಿವರಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಗಡಿಯಾರದ ಕ್ರಮವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಜೀವಕೋಶದಲ್ಲಿ ಒಂದು ಬಗೆಯ ಪ್ರೋಟೀನುಗಳು ಜೀನಿಗೆ ‘ಕೆಲಸ ನಡೆಸು’ ಎಂದು ಅಪ್ಪಣೆ ಕೊಡುತ್ತವೆ. ಆ ಜೀನಿನಿಂದ ಇನ್ನೊಂದು ಬಗೆಯ ಪ್ರೋಟೀನು ಹುಟ್ಟಿ ಸಂಗ್ರಹವಾಗುತ್ತದೆ. ಸಾಕಷ್ಟು ಸಂಗ್ರಹವಾದಮೇಲೆ ಈ ಎರಡನೆಯದು ಹಿಂದಿರುಗಿ ಬಂದು, ತನ್ನನ್ನು ಹುಟ್ಟಿಸಿದ ಅಪ್ಪಣೆಯನ್ನೇ ತಡೆಯುತ್ತದೆ. ಆಗ ಹೊಸ ಪ್ರೋಟೀನು ಹುಟ್ಟುವುದು ನಿಲ್ಲುತ್ತದೆ. ಇದ್ದುದು ಕ್ರಮೇಣ ಕೆಲಸಗೆಟ್ಟು ನಾಶವಾಗುತ್ತದೆ. ತಡೆ ಹೋದ ಕೂಡಲೆ ಮೊದಲಿನ ಅಪ್ಪಣೆ ಮತ್ತೆ ನಡೆಯುತ್ತದೆ. ಈ ಸುತ್ತು ಒಮ್ಮೆ ಮುಗಿದರೆ ಒಂದು ದಿನ.

ಇಲ್ಲಿ ಒಂದು ಸಂಶಯ ಏಳುತ್ತದೆ. ಜೀನಿನಿಂದ ಪ್ರೋಟೀನು ಹುಟ್ಟುವುದಕ್ಕೆ ಬೇಕಾಗುವುದು ಕೆಲವು ನಿಮಿಷಗಳು ಮಾತ್ರ. ಅದು ಹಿಂದಿರುಗಿ ತಡೆಯೊಡ್ಡಲು ಗಂಟೆಯೋ ಎರಡು ಗಂಟೆಯೋ ಸಾಕು. ಹಾಗಿರುವಾಗ ಸುತ್ತು ಕೆಲವೇ ಗಂಟೆಗಳಲ್ಲಿ ಮುಗಿಯಬೇಕಾಗಿದ್ದಿತು. ಅದನ್ನು ಇಪ್ಪತ್ತನಾಲ್ಕು ಗಂಟೆಗಳವರೆಗೆ ಎಳೆಯುವ ವಿಳಂಬ ಎಲ್ಲಿದೆ? ಇದಕ್ಕೆ ದೊರೆತ ಉತ್ತರ ಅನಿರೀಕ್ಷಿತವಾಗಿದ್ದಿತು. ವಿಳಂಬದ ದೊಡ್ಡ ಪಾಲು ಅಡಗಿರುವುದು ಆಕಾರ ನಿಲ್ಲದ ಪ್ರೋಟೀನುಗಳಲ್ಲಿ.

೪

ಪ್ರೋಟೀನು ಎಂದರೆ ಅಮೈನೋ ಆಮ್ಲಗಳನ್ನು ಒಂದರ ಮುಂದೊಂದು ಪೋಣಿಸಿದ ಸರ. ಈ ಸರವು ನೀರಿನಲ್ಲಿ ಮಡಿಚಿ ಸುತ್ತಿಕೊಂಡು ನಿಯತವಾದ ಒಂದು ರೂಪವನ್ನು ತಾಳುತ್ತದೆ, ಆ ರೂಪದಿಂದಲೇ ಅದಕ್ಕೆ ಕಾರ್ಯಶಕ್ತಿ ಬರುತ್ತದೆ ಎಂಬುದು ಬಹುಕಾಲದ ಸಿದ್ಧಾಂತ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಕಿಣ್ವಕ್ಕೆ ಅದರ ವಸ್ತು ಹೊಂದುತ್ತದೆ ಎಂದು ೧೮೯೪ರಲ್ಲಿಯೇ ಎಮಿಲ್ ಫಿಷರ್ ಹೇಳಿದ್ದನು.

ಈ ರೂಪಶಾಸ್ತ್ರಕ್ಕೆ ವಡಪಳನಿಯಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಗಿಂಡಿಯಿಂದ ಸಂದ ಕಾಣಿಕೆ ಲೋಕವಿಖ್ಯಾತವಾಗಿದೆ. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಬಂದರು. ಗೋಪೀನಾಥ ಕರ್ತಾ ಅವರೊಡನೆ, ಚರ್ಮ ಮತ್ತು ಸ್ನಾಯುಬಂಧಗಳಲ್ಲಿರುವ ಕೊಲಾಜೆನ್ ಪ್ರೋಟೀನು ಮೂರೆಳೆಯ ಹುರಿಯಂತಿದೆಯೆಂದು ೧೯೫೪ರಲ್ಲಿ ಸೂಚಿಸಿದರು. ೧೯೬೩ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಇವರೊಡಗೂಡಿ ಅವರು ಪ್ರಕಟಿಸಿದ ನಕ್ಷೆಯು ‘ರಾಮಚಂದ್ರನ್ ನಕ್ಷೆ’ಯೆಂದು ಇಂದು ಎಲ್ಲ ಪಠ್ಯಗಳಲ್ಲಿಯೂ ಇದೆ. ಸರದ ಪ್ರತಿಯೊಂದು ಕೊಂಡಿಯೂ ಎರಡು ಅಕ್ಷಗಳ ಮೇಲೆ ತಿರುಗಬಲ್ಲದು. ಆದರೆ ಹೇಗೆ ಬೇಕಾದರೆ ಹಾಗೆ ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಯಾವ ಕೋನಗಳು ಸಾಧ್ಯ, ಯಾವುವು ನಿಷಿದ್ಧ ಎಂಬುದನ್ನು ಆ ನಕ್ಷೆ ತೋರಿಸುತ್ತದೆ.

ನಿಯತ ರೂಪದ ಪ್ರೋಟೀನಿನಲ್ಲಿ ಒಂದೊಂದು ಕೊಂಡಿಯೂ ನಕ್ಷೆಯ ಒಂದೊಂದು ಸ್ಥಾನದಲ್ಲಿ ನೆಲೆನಿಂತಿರುತ್ತದೆ. ೧೯೯೦ರ ದಶಕದ ಕೊನೆಗೆ ಬೇರೆ ಬಗೆಯ ಪ್ರೋಟೀನುಗಳ ಕಡೆಗೆ ವಿದ್ವಾಂಸರ ಗಮನ ಹರಿಯಿತು. ಇವುಗಳ ಕೊಂಡಿಗಳು ಸಾಧ್ಯವಾದ ಕೋನಗಳ ಎಲ್ಲೆಯೊಳಗೆ ಸದಾ ಅಲೆಯುತ್ತಿರುತ್ತವೆ. ಒಂದು ಕ್ಷಣದ ಆಕಾರ ಮರುಕ್ಷಣಕ್ಕೆ ಇರುವುದಿಲ್ಲ. ಇವನ್ನು ‘ಅನಿಯತ ಪ್ರೋಟೀನು’ಗಳೆಂದು ಕರೆಯೋಣ. ನೀರಿನಿಂದ ದೂರ ಸರಿದು ಒಳಗೆ ಒತ್ತಾಗಿ ಕೂಡಿಕೊಳ್ಳುವ ಜಿಡ್ಡುಗುಣದ ಅಮೈನೋ ಆಮ್ಲಗಳು ಇವುಗಳಲ್ಲಿ ಕಡಮೆ. ವಿದ್ಯುದಂಶವುಳ್ಳವೂ ಸೆರೀನ್, ಪ್ರೋಲೀನ್ ಮೊದಲಾದವೂ ಹೆಚ್ಚು. ಆದಕಾರಣ ಗಟ್ಟಿಯಾದ ತಿರುಳು ಏರ್ಪಡುವುದಿಲ್ಲ. ಮನುಷ್ಯನ ಪ್ರೋಟೀನುಗಳಲ್ಲಿ ಸುಮಾರು ಮೂರನೆಯ ಒಂದು ಪಾಲಿನಲ್ಲಾದರೂ ಇಂಥ ಉದ್ದವಾದ ಸಡಿಲ ಭಾಗಗಳುಂಟು. ಗಡಿಯಾರದ ಪ್ರೋಟೀನುಗಳಲ್ಲಿ ಇವು ವಿಶೇಷವಾಗಿ ಕಾಣುತ್ತವೆ.

ಕಾಲವನ್ನು ಖಚಿತವಾಗಿ ಅಳೆಯುವ ಯಂತ್ರದ ಮುಖ್ಯ ಭಾಗ ಹೀಗೆ ಸಡಿಲವಾಗಿರುವುದು ವಿರುದ್ಧವೆಂದು ತೋರಬಹುದು. ಮುಂದಿನ ಮೂರು ನಿದರ್ಶನಗಳು ಆ ವಿರೋಧವನ್ನು ಪರಿಹರಿಸುತ್ತವೆ.

೫

ಮೊದಲನೆಯದು ಬ್ರೆಡ್ಡಿನ ಮೇಲೆ ಬೆಳೆಯುವ ನ್ಯೂರೋಸ್ಪೋರ ಎಂಬ ಬೂಷ್ಟಿನದು. ಇದರ ಗಡಿಯಾರ ಸುಮಾರು ಇಪ್ಪತ್ತೆರಡು ಗಂಟೆಗಳಿಗೊಮ್ಮೆ ಸುತ್ತುತ್ತದೆ. ಇದರಲ್ಲಿ ತಡೆಯೊಡ್ಡುವ ಪ್ರೋಟೀನಿಗೆ ‘ಫ್ರೀಕ್ವೆನ್ಸಿ’ ಎಂದು ಹೆಸರು. ೯೮೯ ಅಮೈನೋ ಆಮ್ಲಗಳ ಈ ಸರದ ಬಹುಭಾಗ ಅನಿಯತವಾದುದು. ಜೊತೆಗಾರನಾದ ಇನ್ನೊಂದು ಪ್ರೋಟೀನು ಹಿಡಿದುಕೊಂಡಿರದಿದ್ದರೆ ಇದು ಬೇಗನೆ ನಾಶವಾಗಿಬಿಡುತ್ತದೆ. ಹುಟ್ಟಿದ ಕ್ಷಣದಿಂದ ಇದರ ಮೈಮೇಲೆ ಕಿಣ್ವಗಳು ಫಾಸ್ಫೇಟಿನ ಗುರುತುಗಳನ್ನು ಒಂದೊಂದಾಗಿ ಅಂಟಿಸುತ್ತ ಹೋಗುತ್ತವೆ. ಇಂಥ ಗುರುತು ಬೀಳುವ ಸ್ಥಾನಗಳು ನೂರರ ಆಸುಪಾಸಿನಲ್ಲಿವೆಯೆಂದು ೨೦೦೯ರಲ್ಲಿ ಎರಡು ತಂಡಗಳು ತೋರಿಸಿದವು. ಗಟ್ಟಿಯಾಗಿ ಮಡಿಚಿದ ಪ್ರೋಟೀನಾಗಿದ್ದರೆ ಹೆಚ್ಚಿನ ಸ್ಥಾನಗಳು ಒಳಗೆ ಮುಚ್ಚಿಹೋಗುತ್ತಿದ್ದವು. ಸರ ಸಡಿಲವಾಗಿರುವುದರಿಂದ ಎಲ್ಲವೂ ಕಿಣ್ವದ ಕೈಗೆ ಸಿಕ್ಕುತ್ತವೆ.

ನಮ್ಮ ಹಿರಿಯರು ಬಳಸುತ್ತಿದ್ದ ಗಳಿಗೆಬಟ್ಟಲನ್ನು ಇಲ್ಲಿ ನೆನೆಯಬಹುದು. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ನೀರು ಒಳನುಗ್ಗಿ ತುಂಬಿ ಇಪ್ಪತ್ತನಾಲ್ಕು ನಿಮಿಷಗಳಿಗೆ ಅದು ಮುಳುಗುತ್ತಿದ್ದಿತು. ರಂಧ್ರ ಕಿರಿದಾಗಿರುವುದರಿಂದಲೇ ಕಾಲ ಅಳೆಯಲು ಬರುತ್ತಿದ್ದಿತು. ಫ್ರೀಕ್ವೆನ್ಸಿ ಪ್ರೋಟೀನೂ ಅಂಥ ಬಟ್ಟಲೇ. ಫಾಸ್ಫೇಟು ಹನಿಹನಿಯಾಗಿ ತುಂಬುತ್ತದೆ. ಒಂದು ಮಿತಿಗೆ ಬಂದಾಗ ಅದರ ತಡೆಯುವ ಶಕ್ತಿ ಮುಳುಗುತ್ತದೆ. ಪ್ರೋಟೀನು ಪೂರ್ತಿಯಾಗಿ ನಾಶವಾಗುವ ವೇಳೆಯೇ ದಿನದ ಅಳತೆಯನ್ನು ಗೊತ್ತುಮಾಡುತ್ತದೆಂದು ಮೊದಲು ತಿಳಿಯಲಾಗಿದ್ದಿತು. ಆದರೆ ೨೦೧೫ರಲ್ಲಿ ಲರಾಂಡೊ, ಡನ್‌ಲಪ್ ಮೊದಲಾದವರು, ಪ್ರೋಟೀನನ್ನು ನಾಶಪಡಿಸುವ ಮುಖ್ಯ ಮಾರ್ಗವನ್ನೇ ಇಲ್ಲವಾಗಿಸಿದರೂ ಗಡಿಯಾರ ನಡೆಯುತ್ತಿರುವುದನ್ನು ಕಂಡರು. ಲೆಕ್ಕಕ್ಕೆ ಬರುವುದು ಬಟ್ಟಲು ತುಂಬುವ ವೇಗ. ತುಂಬಿದ ಬಟ್ಟಲನ್ನು ಯಾವಾಗ ಎತ್ತಿಡುತ್ತಾರೆಂಬುದಲ್ಲ.

ಇದೇ ಪ್ರೋಟೀನಿನ ಮೇಲೆ ನಡೆದ ಇನ್ನೊಂದು ಪ್ರಯೋಗ ಮನನೀಯವಾದುದು. ಒಂದೇ ಅಮೈನೋ ಆಮ್ಲವನ್ನು ಸೂಚಿಸಲು ಜೀನಿನ ಭಾಷೆಯಲ್ಲಿ ಹಲವು ಸಮಾನಾರ್ಥಕ ಸಂಕೇತಗಳುಂಟು. ಕೆಲವನ್ನು ಜೀವಕೋಶ ಬೇಗನೆ ಓದುತ್ತದೆ. ಕೆಲವನ್ನು ತಡವರಿಸಿ ಓದುತ್ತದೆ. ಫ್ರೀಕ್ವೆನ್ಸಿಯ ಜೀನಿನಲ್ಲಿ ತಡವರಿಸುವ ಸಂಕೇತಗಳೇ ಹೆಚ್ಚು. ಇದು ಪ್ರಕೃತಿಯ ಅಜಾಗರೂಕತೆಯೆಂದು ತೋರುವುದು ಸಹಜ. ೨೦೧೩ರಲ್ಲಿ ಯಿ ಲಿಯು ಅವರ ತಂಡವು ಅವನ್ನು ‘ಉತ್ತಮ’ ಸಂಕೇತಗಳಾಗಿ ತಿದ್ದಿತು. ಅಮೈನೋ ಆಮ್ಲದ ಸರ ಒಂದಿಷ್ಟೂ ಬದಲಾಗಲಿಲ್ಲ. ಪ್ರೋಟೀನು ಹೆಚ್ಚು ಪ್ರಮಾಣದಲ್ಲಿ ಹುಟ್ಟಿತು. ಆದರೆ ಗಡಿಯಾರ ನಿಂತುಹೋಯಿತು! ಬೇಗನೆ ಹೆಣೆದ ಸರ ತಪ್ಪು ಬಗೆಯಲ್ಲಿ ಮಡಿಚಿಕೊಂಡಿದ್ದಿತು. ಅದರ ಮೇಲೆ ಫಾಸ್ಫೇಟು ಬೀಳುವ ಕ್ರಮವೂ ಬೇರೆಯಾಗಿದ್ದಿತು. ಗಮಕಿಯು ಕಾವ್ಯವನ್ನು ನಿಲುಗಡೆಗಳಿಲ್ಲದೆ ಅವಸರದಿಂದ ಓದಿದರೆ ಒಂದು ಪದವೂ ಬಿಟ್ಟುಹೋಗದಿದ್ದರೂ ಅರ್ಥ ಕೆಡುವುದಿಲ್ಲವೆ? ಇದೂ ಹಾಗೆಯೇ. ಸಡಿಲವಾದ ಪ್ರೋಟೀನು ಎಂದರೆ ಕ್ರಮವಿಲ್ಲದ ಪ್ರೋಟೀನಲ್ಲ. ಅದರ ಸಡಿಲತೆಗೂ ಒಂದು ನಿಯಮವುಂಟು.

ಎರಡನೆಯ ನಿದರ್ಶನ ಸಸ್ತನಿಗಳದು. ನಮ್ಮ ಜೀವಕೋಶಗಳಲ್ಲಿ ‘ಕ್ಲಾಕ್’ ಮತ್ತು ‘ಬಿಮಾಲ್’ ಎಂಬ ಎರಡು ಪ್ರೋಟೀನುಗಳು ಜೊತೆಗೂಡಿ ಅಪ್ಪಣೆ ಕೊಡುತ್ತವೆ. ‘ಪೀರಿಯಡ್’ ಮತ್ತು ‘ಕ್ರಿಪ್ಟೋಕ್ರೋಮ್’ ತಡೆಯೊಡ್ಡುತ್ತವೆ. ಬಿಮಾಲಿನ ಕೊನೆಗೆ ಅನಿಯತವಾದ ಒಂದು ಬಾಲವಿದೆ. ಅಪ್ಪಣೆಯನ್ನು ನಡೆಸಿಕೊಡುವ ಸಹಾಯಕನೂ, ಅದನ್ನು ತಡೆಯುವ ಕ್ರಿಪ್ಟೋಕ್ರೋಮೂ ಇದೇ ಬಾಲವನ್ನು ಹಿಡಿಯಲು ಸ್ಪರ್ಧಿಸುತ್ತವೆಂದು ಕ್ಯಾಲಿಫೋರ್ನಿಯದ ಕ್ಯಾರೀ ಪಾರ್ಚ್ ಮತ್ತು ಸಂಗಡಿಗರು ೨೦೧೫ರಲ್ಲಿ ತೋರಿಸಿದರು. ಯಾರ ಹಿಡಿತ ಮೇಲಾಗಿದೆಯೆಂಬುದನ್ನು ಅನುಸರಿಸಿ ಜೀನು ಎಚ್ಚರಗೊಳ್ಳುತ್ತದೆ ಅಥವಾ ಮಲಗುತ್ತದೆ. ಒಂದೇ ಆಕಾರಕ್ಕೆ ಕಟ್ಟುಬಿದ್ದ ಬಾಲವಾಗಿದ್ದರೆ ಇಬ್ಬರ ಕೈಗೂ ಹೊಂದಿಕೊಳ್ಳುವುದು ಕಷ್ಟವಾಗುತ್ತಿದ್ದಿತು.

ಆ ಬಾಲದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ರಾಮಚಂದ್ರನ್ ನಕ್ಷೆಯು ಎರಡು ಕೋನಗಳನ್ನು ಕುರಿತದ್ದು. ಕೊಂಡಿಕೊಂಡಿಗಳ ನಡುವಣ ಮೂರನೆಯ ಬಂಧವು ಸಾಮಾನ್ಯವಾಗಿ ಒಂದೇ ಭಂಗಿಯಲ್ಲಿ ಸ್ಥಿರವಾಗಿರುತ್ತದೆ. ಪ್ರೋಲೀನಿನ ಹಿಂದಿನ ಬಂಧ ಇದಕ್ಕೆ ಅಪವಾದ. ಅದು ಎರಡು ಭಂಗಿಗಳಲ್ಲಿ ಇರಬಲ್ಲದು, ಆದರೆ ಒಂದರಿಂದ ಮತ್ತೊಂದಕ್ಕೆ ಬಹು ನಿಧಾನವಾಗಿ ತಿರುಗುತ್ತದೆ. ಬಿಮಾಲಿನ ಬಾಲದಲ್ಲಿ ಇಂಥ ಒಂದು ಬಂಧವಿರುವುದನ್ನು ಅದೇ ತಂಡವು ೨೦೧೭ರಲ್ಲಿ ಪ್ರಕಟಿಸಿತು. ಅದನ್ನು ಒಂದು ಭಂಗಿಗೆ ಬಿಗಿದು ನಿಲ್ಲಿಸಿದರೆ ಗಡಿಯಾರದ ದಿನವು ಮೊಟಕಾಗುತ್ತದೆ. ಒಂದೇ ಬಂಧದ ತಿರುವು ಜೀವಕೋಶದ ದಿನವನ್ನು ಹ್ರಸ್ವಗೊಳಿಸುವುದು ವಿಸ್ಮಯಕರವಾಗಿದೆ.

೬

ಮೂರನೆಯ ನಿದರ್ಶನ ಮನುಷ್ಯರದೇ. ಅಮೆರಿಕೆಯ ಯೂಟಾ ಪ್ರಾಂತದ ಒಂದು ಕುಟುಂಬದಲ್ಲಿ ಹಲವರಿಗೆ ಸಂಜೆ ಏಳೂವರೆಯ ವೇಳೆಗೆ ನಿದ್ರೆ ತಡೆಯಲಾಗುತ್ತಿರಲಿಲ್ಲ. ನಸುಕಿನ ನಾಲ್ಕೂವರೆಗೆ ಎಚ್ಚರವಾಗಿಬಿಡುತ್ತಿದ್ದಿತು. ಪೀರಿಯಡ್ ಪ್ರೋಟೀನಿನ ಎರಡನೆಯ ಪ್ರಭೇದದಲ್ಲಿ ೬೬೨ನೆಯ ಸ್ಥಾನದ ಸೆರೀನ್ ಹೋಗಿ ಗ್ಲೈಸೀನ್ ಬಂದಿರುವುದೇ ಕಾರಣವೆಂದು ೨೦೦೧ರಲ್ಲಿ ತಿಳಿಯಿತು. ಈ ಸೆರೀನ್ ಇರುವುದು ಸಡಿಲ ಭಾಗದಲ್ಲಿ. ಅಲ್ಲಿಂದಲೇ ಫಾಸ್ಫೇಟಿನ ಸರಣಿಯೊಂದು ಆರಂಭವಾಗಬೇಕು. ಆ ಸರಣಿ ಪ್ರೋಟೀನನ್ನು ಕಾಪಾಡುತ್ತದೆ. ಸರಣಿ ಆರಂಭವಾಗದಿದ್ದರೆ ಅದೇ ಕಿಣ್ವವು ಬೇರೆ ಸ್ಥಾನಕ್ಕೆ ಗುರುತು ಹಾಕಿ ಪ್ರೋಟೀನನ್ನು ಬೇಗನೆ ನಾಶದ ಕಡೆಗೆ ಕಳುಹಿಸುತ್ತದೆ. ಬಟ್ಟಲು ಬೇಗ ಮುಳುಗುತ್ತದೆ. ದಿನ ಬೇಗ ಮುಗಿಯುತ್ತದೆ.

ಇದಕ್ಕೆ ವಿಪರೀತವಾದ ಸ್ಥಿತಿಯೂ ಉಂಟು. ೨೦೧೭ರಲ್ಲಿ ಮೈಕೆಲ್ ಯಂಗರ ಪ್ರಯೋಗಶಾಲೆಯಿಂದ ಬಂದ ವರದಿಯಂತೆ, ಕ್ರಿಪ್ಟೋಕ್ರೋಮಿನ ಅನಿಯತ ಬಾಲದಲ್ಲಿ ೨೪ ಅಮೈನೋ ಆಮ್ಲಗಳು ಬಿಟ್ಟುಹೋದವರಿಗೆ ಒಳಗಡಿಯಾರದ ದಿನ ಸುಮಾರು ಅರ್ಧ ಗಂಟೆ ದೀರ್ಘವಾಗುತ್ತದೆ. ನಿದ್ರೆ ಹತ್ತುವುದು ಎರಡು ಗಂಟೆಗಳಿಗೂ ಹೆಚ್ಚು ತಡವಾಗುತ್ತದೆ. ಕೆಲವು ಜನವರ್ಗಗಳಲ್ಲಿ ಇಂಥವರು ಎಪ್ಪತ್ತೈದಕ್ಕೆ ಒಬ್ಬರಿರಬಹುದೆಂದು ಆ ವರದಿ ಎಣಿಸಿತು. ಈ ಬಾಲವು ಸಾಮಾನ್ಯವಾಗಿ ಹಿಂದಕ್ಕೆ ಬಾಗಿ, ಕ್ರಿಪ್ಟೋಕ್ರೋಮು ಕ್ಲಾಕನ್ನು ಹಿಡಿಯುವ ಜಾಗವನ್ನೇ ಆಗಾಗ ಮುಚ್ಚುತ್ತದೆ. ಅಂದರೆ ತಡೆಗೇ ಒಂದು ಸಣ್ಣ ತಡೆ. ಆ ತುಂಡು ಇಲ್ಲವಾದಾಗ ಹಿಡಿತ ಬಿಗಿಯಾಗಿ, ಬಿಡುಗಡೆ ತಡವಾಗುತ್ತದೆಂದು ೨೦೨೦ರಲ್ಲಿ ವಿವರಿಸಲಾಯಿತು. ಬೆಳಗ್ಗೆ ಏಳಲಾರದ ಹುಡುಗನನ್ನು ಸೋಮಾರಿಯೆಂದು ಬಯ್ಯುವ ಹಿರಿಯರು ಈ ಸಂಗತಿಯನ್ನು ಲಕ್ಷಿಸುವುದು ಒಳ್ಳೆಯದು. ಏಳಲಾರದವರೆಲ್ಲರಿಗೂ ಈ ದೋಷವಿದೆಯೆಂದಲ್ಲ. ಆದರೆ ಕೆಲವರಲ್ಲಿ ಅದು ಗುಣದೋಷವಲ್ಲ, ಪ್ರೋಟೀನಿನ ಬಾಲದ ದೋಷ.

೭

ಎಲ್ಲ ಜೀವಗಡಿಯಾರಗಳೂ ಸಡಿಲ ಸರಗಳಿಂದಲೇ ನಡೆಯುತ್ತವೆಂದು ಹೇಳಿಬಿಡುವುದು ಸರಿಯಾಗದು. ನೀಲಿಹಸುರು ಸೂಕ್ಷ್ಮಜೀವಿಗಳಲ್ಲಿ ‘ಕೈ’ ಎಂಬ ಹೆಸರಿನ ಮೂರು ಪ್ರೋಟೀನುಗಳುಂಟು; ಜಪಾನೀ ಭಾಷೆಯಲ್ಲಿ ಈ ಮಾತಿಗೆ ಆವರ್ತ ಎಂಬರ್ಥವಿದೆ. ಇವುಗಳಲ್ಲಿ ಮುಖ್ಯವಾದುದು ಗಟ್ಟಿಯಾದ, ಉಂಗುರಾಕಾರದ ಪ್ರೋಟೀನು. ೨೦೦೫ರಲ್ಲಿ ನಗೋಯದ ಕೊಂಡೊ ಮತ್ತು ಸಂಗಡಿಗರು ಈ ಮೂರನ್ನೂ ಜೀವಕೋಶಕ್ಕೆ ಶಕ್ತಿಯೊದಗಿಸುವ ಎ.ಟಿ.ಪಿ.ಯೊಡನೆ ಪ್ರನಾಳದಲ್ಲಿ ಬೆರೆಸಿದಾಗ, ಜೀವಕೋಶವೇ ಇಲ್ಲದೆ ದಿನದ ಲಯ ನಡೆಯಿತು. ಪ್ರಕೃತಿಗೆ ಒಂದೇ ದಾರಿಯಿಲ್ಲ. ಆದರೆ ಬೂಷ್ಟು, ನೊಣ, ಮನುಷ್ಯ ಇವುಗಳ ಗಡಿಯಾರಗಳಲ್ಲಿ ತಡೆಯೊಡ್ಡುವ ಪ್ರೋಟೀನುಗಳು ಅಕ್ಷರಕ್ರಮದಲ್ಲಿ ಒಂದನ್ನೊಂದು ಹೋಲದಿದ್ದರೂ ಸಡಿಲತೆಯಲ್ಲಿ ಹೋಲುತ್ತವೆ ಎಂಬುದು ಗಮನಾರ್ಹ. ಕಾರ್ಯ ಒಂದೇ ಆಗಿರುವಲ್ಲಿ ಗುಣವೂ ಒಂದಾಗಿದೆ.

ಈ ಜ್ಞಾನದ ಪ್ರಯೋಜನ ಪ್ರಯೋಗಶಾಲೆಯ ಹೊರಗೂ ಉಂಟು. ದೇಹದ ಲಯವನ್ನು ಕೆಡಿಸುವ ಪಾಳಿಯ ದುಡಿಮೆಯು ಬಹುಶಃ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೭ರಲ್ಲಿ ವರ್ಗೀಕರಿಸಿ, ರಾತ್ರಿಪಾಳಿಯ ವಿಷಯದಲ್ಲಿ ಅದೇ ಮತವನ್ನು ೨೦೧೯ರಲ್ಲಿ ಸ್ಥಿರಪಡಿಸಿತು. ಹಗಲು ಇರುಳಾಗಿ ಬದಲಾದಾಗ ಜೀವಕೋಶಗಳಲ್ಲಿ ಫಾಸ್ಫೇಟು ತುಂಬುವ ಕ್ರಮ ಒಡನೆಯೇ ಬದಲಾಗದು. ಹೊಸ ವೇಳೆಗೆ ಹೊಂದಿಕೊಳ್ಳಲು ಅದಕ್ಕೆ ಹಲವು ದಿನಗಳು ಬೇಕು. ಪಾಳಿಯನ್ನು ಮೇಲಿಂದ ಮೇಲೆ ಬದಲಾಯಿಸಿದರೆ ಹೊಂದಿಕೊಳ್ಳುವ ಅವಕಾಶವೇ ಇಲ್ಲ. ಪಾಳಿಗಳ ಪಟ್ಟಿಯನ್ನು ಬರೆಯುವ ಅಧಿಕಾರಿಯು ಕಾಗದದ ಮೇಲೆ ಒಂದು ಗೆರೆ ಎಳೆದಂತೆ ದುಡಿಯುವವನ ಕೋಟಿ ಕೋಟಿ ಜೀವಕೋಶಗಳ ಗಡಿಯಾರಗಳನ್ನು ತಿರುಗಿಸಲಾರನು.

ವಡಪಳನಿಯ ಚಿತ್ರಶಾಲೆಗಳಲ್ಲಿ ರಾತ್ರಿಯನ್ನು ಹಗಲಾಗಿಸಿ ದುಡಿದ ಕನ್ನಡಿಗರ ಕೆಲಸವನ್ನು ನಾಡು ಇಂದಿಗೂ ನೋಡಿ ನಲಿಯುತ್ತದೆ. ಅದಕ್ಕಾಗಿ ಅವರ ದೇಹ ತೆತ್ತ ಬೆಲೆಯನ್ನು ಅಳೆಯುವ ಸಾಧನ ಆಗ ಯಾರಲ್ಲಿಯೂ ಇರಲಿಲ್ಲ. ಇಂದು ಅದೇ ಬೀದಿಗಳಲ್ಲಿ ರಾತ್ರಿಪಾಳಿಗೆ ಹೊರಡುವವರ ವಿಷಯದಲ್ಲಿ ಹಾಗೆ ಹೇಳಲು ಬಾರದು. ಪಾಳಿಯನ್ನು ಬಿಡಲಾಗದ ಕಡೆ ಅದನ್ನು ಪದೇಪದೇ ಬದಲಿಸದಿರುವುದು, ಪಾಳಿ ಮುಗಿಸಿದವರಿಗೆ ಕತ್ತಲೆಯ ಕೋಣೆಯಲ್ಲಿ ಅಡ್ಡಿಯಿಲ್ಲದ ನಿದ್ರೆ ದೊರೆಯುವಂತೆ ಮನೆಯವರು ನೋಡಿಕೊಳ್ಳುವುದು, ಇಷ್ಟನ್ನಾದರೂ ಮಾಡಬಹುದು. ಸಂಜೆಯ ಹೊತ್ತಿಗೆ ಎಲೆ ಮಡಿಚುವ ಹುಣಿಸೆಗೆ ಇರುವ ಲೆಕ್ಕವೇ ಮನುಷ್ಯನಿಗೂ ಇದೆ. ಆ ಲೆಕ್ಕ ಎಷ್ಟು ಸಡಿಲವಾದ ಎಳೆಗಳಿಂದ ಎಷ್ಟು ಖಚಿತವಾಗಿ ನಡೆಯುತ್ತಿದೆಯೆಂಬುದು ಈಗ ತಿಳಿದಿದೆ. ಅದನ್ನು ಗೌರವಿಸುವ ಹೊಣೆ ತಿಳಿದವರ ಮೇಲಿದೆ.